ಸಂತೆಬೀದಿಯ ಕಾಣದ ಶಿಲುಬೆ

ನವೆಂಬರ್ ನಮಗೆ ಅಗಲಿದವರ ನೆನಪಿನ ತಿಂಗಳು. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಏಳು ಶತಮಾನಗಳ ಹಿಂದೆ ಒಬ್ಬ ರಾಜ ತನ್ನ ಮಡದಿಗಾಗಿ ಸಂತೆಬೀದಿಗಳಲ್ಲೇ ಶಿಲುಬೆ ನಿಲ್ಲಿಸಿದ.

ಇಂಗ್ಲೆಂಡಿನ ರಾಣಿ ಎಲಿನೋರ್ 1290ರ ನವೆಂಬರ್ 28ರಂದು ಲಿಂಕನ್ ಬಳಿ ತೀರಿಕೊಂಡಳು. ಪತಿ ಒಂದನೇ ಎಡ್ವರ್ಡ್ ಆಕೆಯ ಪಾರ್ಥಿವ ಶರೀರವನ್ನು ವೆಸ್ಟ್‌ಮಿನ್‌ಸ್ಟರ್‌ಗೆ ತಂದ. ದಾರಿಯಲ್ಲಿ ತಂಗಿದ 12 ಕಡೆಗಳಲ್ಲಿ ಕಲ್ಲಿನ ಶಿಲುಬೆ ಕಟ್ಟಿಸಿದ. ದಾರಿಹೋಕರು ಆಕೆಯ ಆತ್ಮಕ್ಕಾಗಿ ಪ್ರಾರ್ಥಿಸಲಿ ಎಂಬುದೇ ಅವನ ಆಸೆ. ರಾಜನೇನೂ ಸಂತನಲ್ಲ, ಅದೇ ವರ್ಷ ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿದವನು. ಅಂಥವನಿಗೂ ಪರರ ಪ್ರಾರ್ಥನೆಯ ಆಸರೆ ಬೇಕಾಯಿತು.

ಅವುಗಳಲ್ಲೊಂದು, ರಕ್ತಸಾಕ್ಷಿ ಸಂತ ಆಲ್ಬನರ ಹೆಸರಿನ ಸೇಂಟ್ ಆಲ್ಬನ್ಸ್ ಪಟ್ಟಣದ ಸಂತೆಯಲ್ಲಿತ್ತು. ಕೊಳ್ಳುವವರು, ಮಾರುವವರು ಅದರ ನೆರಳಲ್ಲೇ ವ್ಯಾಪಾರ ಮಾಡುತ್ತಿದ್ದರು. ಮುಂದೆ ಧರ್ಮಸುಧಾರಣೆಯ ಕಾಲದಲ್ಲಿ ಮಠಗಳು ಮುಚ್ಚಿದವು, ಮೃತರಿಗಾಗಿ ಪ್ರಾರ್ಥಿಸುವುದು ತಪ್ಪೆನಿಸಿತು. 1643ರಲ್ಲಿ ಶಿಲುಬೆಗಳನ್ನು ಕೀಳಲು ಸಂಸತ್ತೇ ಆಜ್ಞೆ ಹೊರಡಿಸಿತು. ಪಾಳುಬಿದ್ದಿದ್ದ ಸೇಂಟ್ ಆಲ್ಬನ್ಸ್ ಶಿಲುಬೆಯನ್ನು 18ನೇ ಶತಮಾನದ ಆರಂಭದಲ್ಲಿ ಕೆಡವಿ, ಅಲ್ಲಿ ಸಂತೆಯ ಮಂಟಪ ಕಟ್ಟಿದರು. ಈಗ ಅದೂ ಇಲ್ಲ. ಹನ್ನೆರಡರಲ್ಲಿ ಉಳಿದಿರುವುದು ಮೂರೇ: ಗೆಡಿಂಗ್ಟನ್, ಹಾರ್ಡಿಂಗ್‌ಸ್ಟೋನ್, ವಾಲ್ಥಮ್.

ಕೊಯಮತ್ತೂರು, ತಿರುಪ್ಪೂರಿಗೆ ದುಡಿಮೆಗೆಂದು ಬಂದ ನಮ್ಮಲ್ಲಿ ಹಲವರ ಹಿರಿಯರ ಸಮಾಧಿಗಳು ದೂರದ ಊರಲ್ಲಿವೆ. ಪ್ರತಿ ವರ್ಷ ಹೋಗಿ ದೀಪ ಹಚ್ಚಲಾಗದು ಎಂಬ ನೋವು ನಮ್ಮದು. ಆದರೆ ರಾಜನ ಕಲ್ಲೇ ಉಳಿಯಲಿಲ್ಲ. ಇಂದು ರಾತ್ರಿ ಜಪಸರ ಹಿಡಿದಾಗ ಅವರ ಹೆಸರುಗಳನ್ನು ಮಕ್ಕಳ ಬಾಯಲ್ಲಿ ಹೇಳಿಸೋಣ. ಆ ಶಿಲುಬೆಯನ್ನು ಯಾರೂ ಕೀಳಲಾರರು.