ಗಾಳಿ ಬರುವ ಮೊದಲೇ ತೂರುವವರು

ದಿನದ 24 ಗಂಟೆಯನ್ನು ಹದಿನೈದು ನಿಮಿಷದಂತೆ ಭಾಗ ಮಾಡಿದರೆ 96 ಬ್ಲಾಕ್. ನಾಳೆಯ ಒಂದೊಂದು ಬ್ಲಾಕಿನಲ್ಲೂ ಗದಗ, ಕೊಪ್ಪಳ, ಚಿತ್ರದುರ್ಗದ ಗಾಳಿಯಂತ್ರಗಳು ಎಷ್ಟು ಮೆಗಾವಾಟ್ ಕೊಡುತ್ತವೆಂದು ಇವತ್ತೇ ಬರೆದುಕೊಡುವ ಕಸುಬೊಂದಿದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಇವರಿಗೆ ಒಗ್ಗದು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿಯಿಂದ ಇದಕ್ಕೆ ನಮ್ಮಲ್ಲಿ ನೆಲೆ ಸಿಕ್ಕಿತು. ಅದರ ಪ್ರಕಾರ, ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ನಡುವಿನ ಅಂತರ ಲಭ್ಯ ಸಾಮರ್ಥ್ಯದ ಶೇ 15 ದಾಟಿದರೆ ಯೂನಿಟ್ ಲೆಕ್ಕದಲ್ಲಿ ದಂಡ; ತಿದ್ದಿಕೊಳ್ಳಲು ಒಂದೂವರೆ ಗಂಟೆಗೊಮ್ಮೆ, ದಿನಕ್ಕೆ 16 ಅವಕಾಶ.

ಕಷ್ಟ ಇರುವುದು ಗಣಿತದಲ್ಲೇ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಪಟ್ಟು. ವೇಗದ ಅಂದಾಜು ಶೇ 10 ತಪ್ಪಿದರೆ ಶಕ್ತಿಯ ಲೆಕ್ಕ ಸುಮಾರು ಶೇ 30 ತಪ್ಪಬಹುದು. ಅದಕ್ಕೇ ಹಲವು ಸ್ಥಾವರಗಳನ್ನು ಒಟ್ಟುಗೂಡಿಸುವುದು. ಗದಗದ ಕಪ್ಪತಗುಡ್ಡದಲ್ಲಿ ಗಾಳಿ ಕೈಕೊಟ್ಟ ಹೊತ್ತಿಗೆ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಅಂದಾಜಿಗಿಂತ ಜೋರಾಗಿ ಬೀಸುತ್ತಿರಬಹುದು. ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ. ಮುಂಗಾರು ಇಡೀ ನಾಡಿನ ಮೇಲೆ ಒಟ್ಟಿಗೇ ಏರಿದರೆ ಮಾತ್ರ ಈ ಉಪಾಯ ಅಷ್ಟಾಗಿ ನಡೆಯದು.

ನನ್ನನ್ನು ಇಂಥ ಅಂದಾಜು ಮಾಡುವ ಬೆಂಗಳೂರಿನ ಒಂದು ಕಚೇರಿಗೆ ಎಳೆದದ್ದು ಕಂಪ್ಯೂಟರ್ ಅಲ್ಲ, ಮೇಜಿನ ಮೇಲಿನ ಫೋನು. ಗದಗ ಕಡೆಯ ಸೈಟಿನ ಹಿರಿಯ ಆಪರೇಟರ್ ಒಬ್ಬರ ಕರೆಗೆ ಇಲ್ಲಿ ವಿಶೇಷ ಮರ್ಯಾದೆ. ‘ಮೇಡಂ, ಪಡುವಣ ಕರ್ರಗಾಗೈತ್ರಿ. ಅರ್ಧ ತಾಸಿನ್ಯಾಗ ಗಾಳಿ ಜೋರ್ ಎದ್ದು ಪಟ್ನ ಬೀಳ್ತೈತಿ ನೋಡ್ರಿ’ ಎಂದು ಅವರು ಒಮ್ಮೆ ಕರೆ ಮಾಡಿ ಹೇಳಿದರು. ಪಾಳಿಯಲ್ಲಿದ್ದ ಎಂಜಿನಿಯರ್ ‘ಆಯ್ತು ಅಣ್ಣಾ’ ಎಂದವರೇ ಮುಂದಿನ ತಿದ್ದುಪಡಿಯಲ್ಲಿ ಸಂಜೆಯ ಬ್ಲಾಕುಗಳನ್ನು ಇಳಿಸತೊಡಗಿದರು. ಹವಾಮಾನದ ಮಾದರಿ ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ; ಒಂದು ಗುಡ್ಡದ ಮೇಲೆ ಕಟ್ಟಿದ ಗುಡುಗಿನ ಮೋಡ ಅದಕ್ಕೆ ಎಷ್ಟೋ ಸಲ ಕಾಣುವುದೇ ಇಲ್ಲ. ಅಣ್ಣನಿಗೆ ಕಾಣುತ್ತದೆ. ಮೋಡ ನೋಡುವುದನ್ನು ಅವರು ಕಲಿತದ್ದು ಶೇಂಗಾ ಹೊಲದಲ್ಲಿ.

ಈ ಅಂಕಿಗಳು ಸೇರುವುದು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ. ಗಾಳಿ ಬೀಳುವ ಸುಳಿವು ಮೊದಲೇ ಸಿಕ್ಕರೆ 1035 ಮೆಗಾವಾಟಿನ ಶರಾವತಿ ಜಲವಿದ್ಯುತ್ ಕೇಂದ್ರವನ್ನು ಸಿದ್ಧವಾಗಿಡಬಹುದು. ಸುಳಿವು ತಡವಾದರೆ ಲೋಡ್ ಶೆಡ್ಡಿಂಗಿನ ಭಯ.

ಸೈಟಿನ ಉಸ್ತುವಾರಿಯೂ ಈಗ ದೂರದ ಕಂಟ್ರೋಲ್ ರೂಮುಗಳಿಗೆ ಹೋಗುತ್ತಿದೆ. ಅಣ್ಣ ನಿವೃತ್ತರಾದ ಮೇಲೆ ಆ ಫೋನಿಗೆ ಯಾರು ಕರೆ ಮಾಡುತ್ತಾರೋ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಕರೆಗಳಿಗೆ ಸದ್ಯಕ್ಕೆ ಒಂದು ನೋಟ್‌ಬುಕ್ಕೂ ಇಲ್ಲ. ಕಂಪನಿಗಳು ಅವನ್ನು ಹೊತ್ತು, ದಿಕ್ಕು, ಮೋಡದ ಬಣ್ಣ ಸಮೇತ ಬರೆದಿಡಲಿ. ಇಂಥ ಆಪರೇಟರ್‌ಗಳಿಗೊಂದಿಷ್ಟು ಹೆಚ್ಚಿನ ಸಂಬಳವನ್ನೂ ಕೊಡಲಿ.