ಟೆಕ್ಸಾಸಿನ ಹಂದಿಬೇಟೆ: ವಿನೋದವೋ, ಪರಿಹಾರವೋ?

ಬೆವರು ಸುರಿಸಿ ಬೆಳೆದುದನ್ನು ಕಾಡುಹಂದಿಯ ಬಾಯಿಂದ ಉಳಿಸಿಕೊಳ್ಳುವುದು ಹೇಗೆಂಬ ಚಿಂತೆ ನಮ್ಮ ಕಾಸರಗೋಡಿನ ಕೃಷಿಕನೊಬ್ಬನದೇ ಅಲ್ಲ. ಭೂಗೋಲದ ಮತ್ತೊಂದು ಮಗ್ಗುಲಲ್ಲಿರುವ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ರೈತನೂ ಇದೇ ಚಿಂತೆಯಿಂದ ನಿದ್ದೆಗೆಡುತ್ತಾನೆ. ಆದರೆ ಅಲ್ಲಿ ಈ ಪಿಡುಗಿನ ಜೊತೆಜೊತೆಗೆ ಒಂದು ವ್ಯಾಪಾರವೂ ಬೆಳೆದುನಿಂತಿದೆ. ಹಣ ತೆತ್ತು ಬರುವ ಅತಿಥಿಗಳಿಗೆ ಬಿಲ್ಲುಬಾಣಗಳಿಂದ ಹಂದಿಬೇಟೆಯಾಡಿಸುವ ವ್ಯಾಪಾರವದು. ಈ ಬೇಟೆಯ ಬಗೆಯನ್ನೂ ಅದರಿಂದ ನಾವು ಕಲಿಯಬೇಕಾದ ಪಾಠವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಮೆರಿಕ ಖಂಡದಲ್ಲಿ ಹಂದಿ ಮೂಲನಿವಾಸಿಯಲ್ಲ. ಕೊಲಂಬಸನು 1493ರ ತನ್ನ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಂದಿಗಳನ್ನು ಒಯ್ದನು. 1539ರಲ್ಲಿ ಫ್ಲಾರಿಡಾದಲ್ಲಿ ಇಳಿದ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ತನ್ನ ದಂಡಿನ ಆಹಾರಕ್ಕೆಂದು ಹಂದಿಯ ಹಿಂಡನ್ನೇ ಹೊಡೆದುಕೊಂಡು ನಡೆದನು. ವಲಸೆಗಾರರ ದೊಡ್ಡಿಗಳಿಂದ ತಪ್ಪಿಸಿಕೊಂಡ ಹಂದಿಗಳು ಕಾಡು ಸೇರಿದವು. 1930ರ ದಶಕದಲ್ಲಿ ಬೇಟೆಯ ವಿನೋದಕ್ಕಾಗಿಯೇ ಯುರೋಪಿನ ಕಾಡುಹಂದಿಗಳನ್ನು ಟೆಕ್ಸಾಸಿಗೆ ತಂದು ಬಿಡಲಾಯಿತು. ಇವೆರಡರ ಬೆರಕೆಯ ಸಂತತಿಯೇ ಇಂದಿನ ಪಿಡುಗು. ಟೆಕ್ಸಾಸೊಂದರಲ್ಲೇ ಅವುಗಳ ಸಂಖ್ಯೆ 20 ಲಕ್ಷಕ್ಕೂ ಮಿಕ್ಕಿದೆಯೆಂದು ಅಂದಾಜು.

ಟೆಕ್ಸಾಸಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಭೂಮಿ ಖಾಸಗಿಯವರದು. ಸಾವಿರಾರು ಎಕರೆಗಳ ದನಗಾವಲು ಜಮೀನುಗಳಿಗೆ ಅಲ್ಲಿ ರಾಂಚ್ ಎಂದು ಹೆಸರು. ಒಡೆಯನ ಒಪ್ಪಿಗೆಯಿದ್ದರೆ ಖಾಸಗಿ ಭೂಮಿಯಲ್ಲಿ ಹಂದಿಯನ್ನು ಕೊಲ್ಲಲು ಬೇಟೆಯ ಪರವಾನಗಿಯೂ ಬೇಡವೆಂದು 2019ರಲ್ಲಿ ಶಾಸನವಾಯಿತು. ವರ್ಷದ ಯಾವ ದಿನವೂ ಬೇಟೆ ನಿಷಿದ್ಧವಲ್ಲ. ಹೀಗಾಗಿ ಅನೇಕ ರಾಂಚ್ ಒಡೆಯರು ಊಟ, ವಸತಿ, ಮಾರ್ಗದರ್ಶಿ ಎಲ್ಲವನ್ನೂ ಸೇರಿಸಿ ಇಂತಿಷ್ಟು ಡಾಲರೆಂದು ನಿಗದಿಪಡಿಸಿ ಬೇಟೆಗಾರರನ್ನು ಬರಮಾಡಿಕೊಳ್ಳುತ್ತಾರೆ.

ಬೇಟೆಗಾರನ ಕೈಯ ಬಿಲ್ಲು ನಮ್ಮ ಪುರಾಣಗಳ ಬಿಲ್ಲಲ್ಲ. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಅಲೆನ್ ಎಂಬಾತ ಬಿಲ್ಲಿನ ತುದಿಗಳಿಗೆ ರಾಟೆಗಳನ್ನು ಜೋಡಿಸಿ 1969ರಲ್ಲಿ ಪೇಟೆಂಟು ಪಡೆದನು. ಇಂತಹ ಬಿಲ್ಲನ್ನು ಸೆಳೆಯಲು ಮೊದಲು 60 ಪೌಂಡಿನಷ್ಟು ಬಲ ಬೇಕಾದರೂ, ಪೂರ್ಣವಾಗಿ ಸೆಳೆದ ಮೇಲೆ ಹಿಡಿದಿರಲು ಹತ್ತು ಹದಿನೈದು ಪೌಂಡಿನ ಬಲ ಸಾಕು. ಬೇಟೆಗಾರನು ಕೈ ನಡುಗದೆ ಗುರಿ ನೋಡಬಲ್ಲನು.

ಹಂದಿಯ ಕಣ್ಣು ಮಂದ, ಮೂಗು ಮಾತ್ರ ಅತಿ ಚುರುಕು. ಆದುದರಿಂದ ಮಾರ್ಗದರ್ಶಿಯು ಮೊದಲು ಗಾಳಿಯ ದಿಕ್ಕನ್ನು ಪರೀಕ್ಷಿಸುತ್ತಾನೆ. ಗೊತ್ತಾದ ಹೊತ್ತಿಗೆ ತಾನಾಗಿಯೇ ಮೆಕ್ಕೆಜೋಳ ಚೆಲ್ಲುವ ಯಂತ್ರವೊಂದು ಬಯಲಲ್ಲಿ ನಿಂತಿರುತ್ತದೆ. ಅದರಿಂದ ಸುಮಾರು ಇಪ್ಪತ್ತು ಗಜ ದೂರದಲ್ಲಿ, ಗಾಳಿಗೆ ಇದಿರಾಗಿ, ಮರೆಯಲ್ಲಿ ಕುಳಿತು ಸಂಜೆಯನ್ನು ಕಾಯಬೇಕು. ಅಲ್ಲಿನ ಮೂಲಪ್ರಾಣಿಯಾದ ಹವೆಲೀನಾ ಹಂದಿಯನ್ನೇ ಹೋಲುತ್ತದೆ. ಅದು ಬೇರೆ ಕುಲದ ಪ್ರಾಣಿ, ಪರವಾನಗಿಯಿಲ್ಲದೆ ಕೊಲ್ಲುವಂತಿಲ್ಲ. ಈ ಭೇದವನ್ನು ಬೇಟೆಗಾರನು ಮೊದಲೇ ಅರಿತಿರಬೇಕು.

ಹಂದಿಯ ಹೃದಯವೂ ಶ್ವಾಸಕೋಶಗಳೂ ಎದೆಯ ಕೆಳಭಾಗದಲ್ಲಿ, ಮುಂಗಾಲಿಗೆ ತಾಗಿಕೊಂಡಿವೆ. ಬಲಿತ ಗಂಡುಹಂದಿಯ ಹೆಗಲ ಮೇಲೆ ಗುರಾಣಿಯಂತಹ ಗಡಸು ತೊಗಲಿನ ಪದರವಿರುತ್ತದೆ. ಪ್ರಾಣಿಯು ಓರೆಯಾಗಿ ತಿರುಗಿ, ಮುಂಗಾಲನ್ನು ಮುಂದಿಟ್ಟಾಗಲೇ ಬಾಣ ಬಿಡಬೇಕು. ಗುರಿ ಅಂಗುಲಗಳಷ್ಟು ತಪ್ಪಿದರೂ ಗಾಯಗೊಂಡ ಪ್ರಾಣಿ ಮುಳ್ಳುಪೊದೆಗಳಲ್ಲಿ ಗಂಟೆಗಟ್ಟಲೆ ನರಳುತ್ತದೆ. ಬಾಣ ತಾಗಿದ ಬಳಿಕವೂ ಅರ್ಧ ಗಂಟೆ ಕಾದು, ನೆತ್ತರಿನ ಜಾಡು ಹಿಡಿದು ಹೋಗುವುದು ಕ್ರಮ. ಹಂದಿಯಲ್ಲಿ ಬ್ರುಸೆಲ್ಲಾ ಎಂಬ ರೋಗಾಣು ಇರಬಹುದಾದುದರಿಂದ ಕೈಗವಸು ಧರಿಸಿಯೇ ಅದನ್ನು ಕೊಯ್ಯಬೇಕು, ಮಾಂಸವನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಈ ಬೇಟೆಯಲ್ಲಿ ತಾಳ್ಮೆಯಿದೆ, ಅಭ್ಯಾಸವಿದೆ, ಪ್ರಾಣಿಯ ಸ್ವಭಾವದ ಅರಿವಿದೆ. ಅದನ್ನು ಅಲ್ಲಗಳೆಯಲಾಗದು. ಆದರೆ ಇದರಿಂದ ರೈತನ ಹೊಲ ಉಳಿಯುವುದೇ? ಪ್ರಾಥಮಿಕ ಶಾಲೆಯ ಬಾಲಕನೂ ಮಾಡಬಲ್ಲ ಲೆಕ್ಕವಿದು. ಹೆಣ್ಣುಹಂದಿಯು ಒಂದು ವರ್ಷ ತುಂಬುವ ಮೊದಲೇ ಗಬ್ಬವಾಗಬಲ್ಲದು. ಗರ್ಭಕಾಲ ಸುಮಾರು 115 ದಿನ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿಗಳು. ಹಂದಿಗಳ ಸಂಖ್ಯೆ ಏರದೆ ಇದ್ದಲ್ಲಿಯೇ ನಿಲ್ಲಬೇಕಾದರೂ ವರ್ಷವರ್ಷವೂ ಮೂರರಲ್ಲಿ ಎರಡು ಪಾಲನ್ನು ನಿವಾರಿಸಬೇಕೆಂದು ಟೆಕ್ಸಾಸಿನ ತಜ್ಞರು ಹೇಳುತ್ತಾರೆ. ನೂರು ಹಂದಿಗಳಿರುವಲ್ಲಿ ಅರುವತ್ತಾರನ್ನು ತೆಗೆಯಬೇಕು. ಅತಿಥಿಯು ಮೂರು ದಿನ ಕಾದು ಕೊಲ್ಲುವುದು ಒಂದನ್ನೋ ಎರಡನ್ನೋ ಮಾತ್ರ. ಉಳಿದವು ಬೆದರಿ ಚದರಿ ನೆರೆಯವನ ಹೊಲಕ್ಕೆ ನುಗ್ಗುತ್ತವೆ. ಅಲ್ಲದೆ ಹಂದಿಯೇ ಆದಾಯವಾದ ಮೇಲೆ ಅದು ಪೂರ್ಣವಾಗಿ ಅಳಿಯಲೆಂದು ಯಾವ ವ್ಯಾಪಾರಿ ತಾನೇ ಬಯಸಿಯಾನು?

ಇದಕ್ಕೆ ಟೆನ್ನೆಸ್ಸಿ ಸಂಸ್ಥಾನವೇ ಸಾಕ್ಷಿ. ಅಲ್ಲಿ ಬಹುಕಾಲ ಕೆಲವೇ ಜಿಲ್ಲೆಗಳಲ್ಲಿ ಹಂದಿಗಳಿದ್ದವು. ಅವನ್ನು ತಗ್ಗಿಸಲೆಂದು 1999ರಲ್ಲಿ ಇಡೀ ಸಂಸ್ಥಾನದಲ್ಲಿ ಬೇಟೆಗೆ ಮುಕ್ತ ಅವಕಾಶ ನೀಡಲಾಯಿತು. ಬೇಟೆಯ ರುಚಿ ಹತ್ತಿದವರು ಹಂದಿಗಳನ್ನು ಹಿಡಿದೊಯ್ದು ಹೊಸ ಹೊಸ ಕಡೆ ಬಿಟ್ಟರು. 2011ರ ವೇಳೆಗೆ ಸುಮಾರು 70 ಜಿಲ್ಲೆಗಳಿಗೆ ಹಂದಿ ಹಬ್ಬಿತ್ತು. ಆ ವರ್ಷವೇ ಅಲ್ಲಿನ ಸರಕಾರ ನೀತಿಯನ್ನು ಬದಲಿಸಿತು. ನ್ಯೂಯಾರ್ಕ್ ಸಂಸ್ಥಾನವಾದರೋ ಹಂದಿಗಳ ಸಂಖ್ಯೆ ಅಲ್ಪವಿರುವಾಗಲೇ, 2014ರಲ್ಲಿ ಜನರ ಬೇಟೆಯನ್ನು ನಿಷೇಧಿಸಿ, ಇಡೀ ಹಿಂಡನ್ನು ಒಮ್ಮೆಗೇ ಬೋನಿಗೆ ಕೆಡವುವ ಕಾರ್ಯವನ್ನು ನುರಿತವರಿಗೆ ವಹಿಸಿತು. 2016ರಲ್ಲಿ ಪಿಡುಗು ನಿರ್ಮೂಲವಾಯಿತೆಂದು ಸಾರಿತು. ಬೇಟೆಗಾರನಿಗೆ ಬಿಟ್ಟುಕೊಟ್ಟಲ್ಲಿ ಹಂದಿ ಹೆಚ್ಚಿತು, ಬೇಟೆಯನ್ನು ದೂರವಿಟ್ಟಲ್ಲಿ ಹಂದಿ ಅಳಿಯಿತು.

ನಮ್ಮಲ್ಲಿಯ ಸ್ಥಿತಿ ಭಿನ್ನ. ಇಲ್ಲಿ ಕಾಡುಹಂದಿ ಪರಕೀಯವಲ್ಲ. ಹುಲಿ, ಚಿರತೆಗಳಿಗೆ ಆಹಾರವಾಗಿ ಕಾಡಿನ ವ್ಯವಸ್ಥೆಯಲ್ಲಿ ಅದಕ್ಕೊಂದು ಸ್ಥಾನವಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಾದ ತಿದ್ದುಪಡಿಯ ಬಳಿಕ ವಿನೋದದ ಬೇಟೆಗೆ ಪರವಾನಗಿ ನೀಡುವ ಪದ್ಧತಿಯೇ ಇಲ್ಲ. ಹಾಗೆಂದು ಮರಗೆಣಸು, ಬಾಳೆ, ಭತ್ತಗಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವನ ಸಂಕಟವನ್ನು ಕಡೆಗಣಿಸಲಾಗದು. ಅದನ್ನು ಮನಗಂಡೇ ಕೇರಳ ಸರಕಾರವು 2022ರಲ್ಲಿ, ಬೆಳೆನಾಶ ಮಾಡುವ ಹಂದಿಗಳನ್ನು ಪರವಾನಗಿಯುಳ್ಳ ಬಂದೂಕುದಾರರಿಂದ ಕೊಲ್ಲಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ನೀಡಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿಗಳ ಬಳಕೆಯನ್ನು ನಿಷೇಧಿಸಿತು. ಬೇಲಿಗೆ ಹರಿಸಿದ ವಿದ್ಯುತ್ತು ಹಂದಿ ಯಾವುದು, ಮನುಷ್ಯ ಯಾರು ಎಂದು ನೋಡುವುದಿಲ್ಲವಷ್ಟೆ.

ಬೇಟೆಯನ್ನು ಎಲ್ಲರಿಗೂ ತೆರೆದುಬಿಟ್ಟರೆ ಪೀಡೆ ತೊಲಗೀತೆಂಬ ಮಾತು ಆಗಾಗ ನಮ್ಮಲ್ಲಿ ಕೇಳಿಬರುತ್ತದೆ. ಹಾಗೆನ್ನುವವರು ಟೆನ್ನೆಸ್ಸಿಯ ಅನುಭವವನ್ನು ಒಮ್ಮೆ ಪರಿಶೀಲಿಸಬೇಕು. ನೆರೆಹೊರೆಯ ಕೃಷಿಕರು ಕೂಡಿಕೊಂಡು ಭದ್ರವಾದ ಬೇಲಿ ಕಟ್ಟುವುದು, ಹಿಂಡು ಅಡಗುವ ಪಾಳುಜಮೀನುಗಳ ಪೊದೆ ಸವರುವುದು, ನಷ್ಟವನ್ನು ತಡಮಾಡದೆ ಪಂಚಾಯತಿಗೆ ತಿಳಿಸಿ ಕ್ರಮಕ್ಕೆ ಒತ್ತಾಯಿಸುವುದು, ಇವು ಬಿಲ್ಲುಬಾಣದಷ್ಟು ರೋಮಾಂಚಕವಲ್ಲ. ಆದರೆ ಹೊಲವನ್ನು ಕಾಯುವುದು ಇಂತಹ ಕೆಲಸಗಳೇ.