ಸುಟ್ಟ ಟ್ರೇಗೆ ಹುಣಸೆಹಣ್ಣು ಸಾಕು, ಬ್ಲೀಚ್ ಬೇಡ

ದುಬೈ, ಶಾರ್ಜಾದ ಶೇರಿಂಗ್ ಫ್ಲಾಟ್‌ಗಳಲ್ಲಿ ಐದಾರು ಜನಕ್ಕೆ ಒಂದೇ ಓವನ್. ಟ್ರೇ ತಳ ಹಿಡಿದರೆ ಕೈ ಮೊದಲು ಹೋಗೋದು ಸ್ಟೀಲ್ ಸ್ಕ್ರಬ್ಬರ್‌ಗೇ. ನಾನ್‌ಸ್ಟಿಕ್ ಆದರೆ ಅದು ಬೇಡ, ಕೋಟಿಂಗ್ ಎದ್ದುಬಿಡುತ್ತೆ. ಸೋಪು ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತನೆ ಸ್ಪಂಜಿನಿಂದ ತೊಳೆಯಿರಿ.

ಅಲ್ಯೂಮಿನಿಯಂ ಟ್ರೇಯನ್ನು ಅಡುಗೆ ಸೋಡಾದಲ್ಲಿ ನೆನೆಸಿಟ್ಟರೆ ಕಪ್ಪಾಗುತ್ತೆ. ಕಪ್ಪಾಗಿದ್ದರೆ ಅದರಲ್ಲೇ ನೀರು, ಹುಣಸೆಹಣ್ಣು ಇಲ್ಲವೇ ನಿಂಬೆರಸ ಹಾಕಿ ಹತ್ತು ನಿಮಿಷ ಕುದಿಸಿ. ಊರಲ್ಲಿ ಅಮ್ಮ ಹಿತ್ತಾಳೆ ತಂಬಿಗೆಗೆ ಹಚ್ಚುತ್ತಿದ್ದದ್ದೂ ಇದೇ ಹುಳಿ.

ಆದರೆ ಹುಳಿಗಾಗಲಿ ವಿನೆಗರ್‌ಗಾಗಲಿ ಬ್ಲೀಚ್ ಮಾತ್ರ ಸೇರಿಸಲೇಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತೆ. ಎಸಿಗೆಂದು ಕಿಟಕಿ ಮುಚ್ಚಿಟ್ಟ ನಮ್ಮ ಸಣ್ಣ ಅಡುಗೆಮನೆಗಳಲ್ಲಿ ಅದು ಜೀವಕ್ಕೇ ಅಪಾಯ. ಕಣ್ಣುರಿ, ಕೆಮ್ಮು ಶುರುವಾದರೆ ಟ್ರೇ ಅಲ್ಲೇ ಬಿಟ್ಟು ಎಲ್ಲರೂ ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ಯುಎಇಯಲ್ಲಿ ಆಂಬುಲೆನ್ಸ್ ನಂಬರ್ 998.